ರಂಪಣಿ ಬಲೆ ಮತ್ತು ಮೊಗವೀರರ ಸ್ಥಳೀಯ ಚರಿತ್ರೆ

ಕರಾವಳಿಯ ಮೊಗವೀರರ ಚರಿತ್ರೆಯನ್ನು ಬರೆಯಹೊರಟವರು ಸಾಮಾನ್ಯವಾಗಿ ಎರಡು ದಾರಿಗಳನ್ನು ಹಿಡಿದಿದ್ದಾರೆ. ಎಡ್ಗರ್ ಥರ್ಸ್ಟನ್ 1909ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಸಂಪುಟಗಳಲ್ಲಿ 'ಮೊಗೇರ' ಎಂಬ ಹೆಸರಿನಡಿ ಬರುವ ವಿವರಗಳನ್ನು ಪುನರುಚ್ಚರಿಸುವುದು ಒಂದು. ಮಹಾಭಾರತದ ಮತ್ಸ್ಯಗಂಧಿಯವರೆಗೆ ವಂಶಾವಳಿಯನ್ನು ಕೊಂಡೊಯ್ಯುವುದು ಇನ್ನೊಂದು. (ತುಳುನಾಡಿನಲ್ಲಿ ಮೊಗೇರ ಎಂಬ ಬೇರೆಯೇ ಸಮುದಾಯವೂ ಇರುವುದರಿಂದ ಹಳೆಯ ದಾಖಲೆಗಳನ್ನು ಓದುವಾಗ ಎಚ್ಚರ ಅಗತ್ಯ.) ಎರಡನೆಯ ದಾರಿಯ ಹಿಂದಿರುವ ಗೌರವದ ಹಂಬಲವನ್ನು ನಾವು ಹಗುರವಾಗಿ ಕಾಣಬಾರದು. 1902ರಷ್ಟು ಹಿಂದೆಯೇ ಮುಂಬಯಿಯಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿಯನ್ನು ಕಟ್ಟಿಕೊಂಡ ಜನ ಇವರು. ಆದರೆ ಈ ಎರಡೂ ಬಗೆಯ ಬರಹಗಳಲ್ಲಿ ಕಡಲಿನ ದುಡಿಮೆ ಕಾಣಿಸುವುದೇ ಇಲ್ಲ. ಆ ದುಡಿಮೆಯ ಚರಿತ್ರೆಗೆ ರಂಪಣಿ ಬಲೆಯೇ ಪ್ರಧಾನ ಆಕರವೆಂಬುದು ಪ್ರಸ್ತುತ ಲೇಖಕನ ಅಭಿಪ್ರಾಯ.

ರಂಪಣಿಯು ದಡದಿಂದ ಎಳೆಯುವ ಮಹಾಬಲೆ. ಗೋವೆಯ 'ರಾಂಪಣ್' ಎಂಬ ಹೆಸರಿನೊಡನೆ ಇದಕ್ಕಿರುವ ಸಂಬಂಧ ಸ್ಪಷ್ಟವಾಗಿದೆ. ಬೂತಾಯಿ, ಬಂಗುಡೆಗಳ ಹಿಂಡು ದಡದ ಸಮೀಪಕ್ಕೆ ಬಂದುದನ್ನು ನೀರಿನ ಬಣ್ಣದಿಂದಲೂ ಹಕ್ಕಿಗಳ ಹಾರಾಟದಿಂದಲೂ ಅರಿತು, ದೋಣಿಯಲ್ಲಿ ಬಲೆಯನ್ನೊಯ್ದು ಹಿಂಡನ್ನು ಬಳಸಿ ಬಿಟ್ಟು, ಎರಡೂ ತುದಿಗಳನ್ನು ದಡದಿಂದ ಹತ್ತಾರು ಜನ ಸೇರಿ ಎಳೆಯುತ್ತಿದ್ದರು. ಇಂತಹ ಬಲೆಯನ್ನು ಒಂದೇ ಮನೆಯವರು ಹೊಂದುವುದು ಕಷ್ಟಸಾಧ್ಯವಾಗಿತ್ತು. ಪಾಲುದಾರರು ತಂತಮ್ಮ ಬಲೆಯ ತುಂಡುಗಳನ್ನು ತಂದು ಜೋಡಿಸಿದಾಗಲೇ ಅದು ರಂಪಣಿಯಾಗುತ್ತಿತ್ತು. ಬಲೆಗೆ ಒಂದು ಪಾಲು, ದುಡಿಮೆಗೆ ಒಂದು ಪಾಲು ಎಂಬ ಲೆಕ್ಕಾಚಾರವಿತ್ತು. ಊರಿನ ವ್ಯಾಜ್ಯಗಳನ್ನು ಗುರಿಕಾರನು ಇತ್ಯರ್ಥಪಡಿಸುತ್ತಿದ್ದನು. ಅಳಿಯಸಂತಾನದ ಕುಟುಂಬವ್ಯವಸ್ಥೆಯೊಳಗೆ ಬಲೆಯ ತುಂಡು ಮಗನಿಗೋ ಅಳಿಯನಿಗೋ ಎಂಬ ಪ್ರಶ್ನೆಯನ್ನು ಕೇಳಿದರೆ ಮಾತ್ರ 1949ರ ಮದರಾಸು ಅಳಿಯಸಂತಾನ ಕಾಯಿದೆಯು ಕಡಲತಡಿಯಲ್ಲಿ ಏನು ಮಾಡಿತೆಂಬುದು ತಿಳಿದೀತು. ಭೂಮಿಯ ಒಡೆತನದ ಬಗ್ಗೆ ಪುಟಗಟ್ಟಲೆ ಬರೆದ ನಾವು ಈ ಪ್ರಶ್ನೆಯನ್ನು ಕೇಳಲಿಲ್ಲ. ಬುಟ್ಟಿ ಹೊತ್ತು ಮೀನು ಮಾರುತ್ತ ಒಳನಾಡನ್ನು ಕಡಲಿಗೆ ಬೆಸೆದ ಹೆಂಗಸರ ಲೆಕ್ಕವಂತೂ ಯಾವ ದಾಖಲೆಗೂ ಬಂದಿಲ್ಲ.

ಬೊಬ್ಬರ್ಯನ ಆರಾಧನೆಯೂ ಈ ದುಡಿಮೆಯಿಂದ ಬೇರೆಯಾದುದಲ್ಲ. ಪಾಡ್ದನದ ಪಾಠಗಳಲ್ಲಿ ಭೇದಗಳಿದ್ದರೂ, ಮುಸಲ್ಮಾನ ಕಡಲವರ್ತಕನಿಗೆ ಜನಿಸಿ, ಕಡಲಿನಲ್ಲಿ ಮಡಿದು ದೈವವಾದವನೆಂಬ ತಿರುಳು ಪ್ರಸಿದ್ಧವಾಗಿದೆ. ಅವನನ್ನು ಮೊಗವೀರರು ತಮ್ಮ ರಕ್ಷಕನೆಂದು ನಂಬಿದರು. ಅರಬ್ಬಿ ಸಮುದ್ರದ ವ್ಯಾಪಾರದಲ್ಲಿ ದೋಣಿ ನಡೆಸುವವರೂ ಸರಕಿನ ಒಡೆಯರೂ ಪರಸ್ಪರ ಅವಲಂಬಿಸಿದ್ದ ಕಾಲದ ನೆನಪು ಈ ಕಥೆಯಲ್ಲಿ ಉಳಿದಿದೆಯೆಂದು ಭಾವಿಸಲು ಅವಕಾಶವಿದೆ.

1970ರ ದಶಕದ ಮಧ್ಯಭಾಗದಲ್ಲಿ ಪರ್ಸೀನ್ ಬಲೆಯ ಯಾಂತ್ರಿಕ ದೋಣಿಗಳು ಬಂದವು. ಹಿಂಡು ದಡಕ್ಕೆ ಬರುವ ಮುನ್ನವೇ ಅದನ್ನು ಹಿಡಿಯುವುದು ಸಾಧ್ಯವಾಯಿತು. ಕೆಲವೇ ವರ್ಷಗಳಲ್ಲಿ ದೊಡ್ಡ ರಂಪಣಿಗಳು ಮೂಲೆಗೆ ಸರಿದವು. ಘರ್ಷಣೆಗಳು ನಡೆದವು, ರಂಪಣಿಯವರಲ್ಲಿಯೇ ಹಲವರು ಗುಂಪುಕಟ್ಟಿ ಪರ್ಸೀನ್ ಕೊಂಡರು. ಇದನ್ನು ಕೇವಲ ಸೋಲಿನ ಕಥೆಯೆಂದು ಬರೆಯುವುದು ಅಷ್ಟು ಸರಿಯಲ್ಲ, ಪಾಲಿನ ಪದ್ಧತಿಯು ಹೊಸ ದೋಣಿಯನ್ನೂ ಏರಿತು. ಆದರೆ ದಡದಲ್ಲಿ ನಿಂತು ಹಗ್ಗ ಹಿಡಿದವನಿಗೆ ಸಿಗುತ್ತಿದ್ದ ಪಾಲು ಆ ದೋಣಿಯನ್ನು ಏರಲಿಲ್ಲ. ಕೈರಂಪಣಿಯೆಂಬ ಕಿರಿದಾದ ರೂಪವೊಂದು ಮಾತ್ರ ದಡದಲ್ಲಿ ಉಳಿದುಕೊಂಡಿತು.

ಆಗಸ್ಟ್ ಮ್ಯಾನರ್ 1886ರಲ್ಲಿಯೇ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಪಾಡ್ದನಗಳ ಸಂಕಲನವನ್ನು ಹೊರತಂದನು. ಅಂದಿನಿಂದ ಜಾನಪದ ಸಂಗ್ರಾಹಕರಾದ ನಾವು ದೈವದ ಹಾಡನ್ನು ಬರೆದುಕೊಂಡೆವು, ಬಲೆಯ ಲೆಕ್ಕದ ಮಾತುಗಳನ್ನು ಬಿಟ್ಟೆವು. ಈ ಲೇಖಕನೂ ಅದಕ್ಕೆ ಹೊರತಲ್ಲ. 1975ರಲ್ಲಿ ಹರೆಯದ ಹುಡುಗರಾಗಿ ರಂಪಣಿ ಎಳೆದವರು ಈಗ ಎಪ್ಪತ್ತರ ಆಸುಪಾಸಿನಲ್ಲಿದ್ದಾರೆ. ಬಲೆಯ ಭಾಗಗಳ ಹೆಸರು, ಎಳೆಯುವಾಗಿನ ಕೂಗು, ಪಾಲು ಹಂಚುವ ಕ್ರಮ ಇವೆಲ್ಲ ಇನ್ನೂ ಅವರಲ್ಲಿವೆ.