ಸರಪಣಿ ಹಾಕ್ದಿಯಾ?

ನನ್ನ ಶೆಡ್ಡಿನ ಬಾಗಿಲ ಪಕ್ಕದ ಗೂಟಕ್ಕೆ ಒಂದು ಕಬ್ಬಿಣದ ಸರಪಣಿ ನೇತು ಹಾಕಿದ್ದೇನೆ. ಎರಡು ಮಾರು ಉದ್ದ, ಒಂದೊಂದು ಕೊಂಡಿಯೂ ಕಿರುಬೆರಳಿನಷ್ಟು ದಪ್ಪ. ನಮ್ಮಪ್ಪ ತಲಮಲೆ, ಹಾಸನೂರು ಕಡೆಯ ಕಾಡಿನಿಂದ ಎತ್ತಿನ ಗಾಡಿಯಲ್ಲಿ ಮರದ ದಿಮ್ಮಿ ಹೊಡೆಯುತ್ತಿದ್ದ ಕಾಲದ್ದು. ಹೊಸಬರು ಬಂದರೆ ಇದು ಯಾವ ಆನೆ ಕಟ್ಟೋಕೆ ಅಂತ ಕೇಳುತ್ತಾರೆ. ಕಾರಿನ ಮುಂದಿನ ಕಾಯಿಲ್ ಸ್ಪ್ರಿಂಗ್ ಹಾಕೋಕೆ ಅಂದರೆ ತಮಾಷೆ ಮಾಡ್ತಿದ್ದೀನಿ ಅಂದುಕೊಳ್ಳುತ್ತಾರೆ.

ನಮ್ಮ ತಾಳವಾಡಿಯ ವಿಳಾಸವೇ ಒಂದು ಕತೆ. 1956ರ ನವೆಂಬರ್ 1ರಂದು ಕೊಯಮತ್ತೂರು ಜಿಲ್ಲೆಯಲ್ಲಿದ್ದ ಕೊಳ್ಳೇಗಾಲ ಮೈಸೂರಿಗೆ ಹೋಯಿತು, ನಾವು ಮದರಾಸಿನಲ್ಲೇ ಉಳಿದೆವು. 1979ರಲ್ಲಿ ಕೊಯಮತ್ತೂರು ಒಡೆದು ಪೆರಿಯಾರ್ ಜಿಲ್ಲೆ ಆಯಿತು, ಆಮೇಲೆ ಅದಕ್ಕೆ ಈರೋಡು ಅಂತ ಹೆಸರು ಬಂತು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತಮಿಳು, ವರ್ಕ್‌ಶಾಪಿನಲ್ಲಿ ಎರಡಕ್ಕೂ ಅಂಟಿಕೊಂಡ ಇಂಗ್ಲಿಷು. ಟಿಎನ್ 36, ಕೆಎ 10 ನಂಬರಿನ ಗಾಡಿಗಳು ನನ್ನ ಶೆಡ್ಡಿನ ಮುಂದೆ ಪಕ್ಕಪಕ್ಕ ನಿಂತಿರುತ್ತವೆ. ಚಾಮರಾಜನಗರದ ಕಡೆ ಹೋದರೆ ರಸ್ತೆ ಹೆಚ್ಚು ಕಾಡಿಸುವುದಿಲ್ಲ. ಸತ್ಯಮಂಗಲದ ಕಡೆ ಹೋಗಬೇಕಾದರೆ ದಿಂಬಂ ಘಾಟಿಯ 27 ತಿರುವು ಇಳಿಯಬೇಕು. ಕೋಸು, ಆಲೂಗಡ್ಡೆ, ಅರಿಸಿನ, ಬಾಳೆಗೊನೆ ಏನೇ ಹೇರಿದ್ದರೂ ತಿರುವಿಗೊಮ್ಮೆ ಬ್ರೇಕ್ ಒತ್ತಲೇಬೇಕು. ಒತ್ತಿದಾಗಲೆಲ್ಲ ಗಾಡಿ ಮೂಗು ತಗ್ಗಿಸುತ್ತದೆ, ಭಾರವೆಲ್ಲ ಮುಂದಿನ ಎರಡು ಸ್ಪ್ರಿಂಗಿನ ಮೇಲೆ ಬೀಳುತ್ತದೆ.

ಬೆಟ್ಟ ಇಳಿಯುವ ಕಷ್ಟ ನಮಗೆ ಹೊಸದಲ್ಲ. 1790ರ ಸೆಪ್ಟೆಂಬರಿನಲ್ಲಿ ಟಿಪ್ಪು ಸುಲ್ತಾನನ ಸೈನ್ಯ ಪಕ್ಕದ ಗಜ್ಜಲಹಟ್ಟಿ ಕಣಿವೆ ಇಳಿದು ಸತ್ಯಮಂಗಲದ ಬಳಿ ಕರ್ನಲ್ ಫ್ಲಾಯ್ಡನ ಪಡೆಯ ಮೇಲೆ ಬಿದ್ದಿತ್ತು. ಆ ತೋಪಿನ ಗಾಡಿಗಳಿಗೆ ಸ್ಪ್ರಿಂಗ್ ಎಲ್ಲಿಂದ ಬರಬೇಕು? ನಮ್ಮಪ್ಪನ ಗಾಡಿಗೂ ಇರಲಿಲ್ಲ. ಅಪ್ಪ ಹೇಳುತ್ತಿದ್ದ: ದಿಮ್ಮಿ ಹೇರುವಾಗ ಯಾರೂ ಸಾಯಲ್ಲ, ಇಳಿಸುವಾಗ ಸಾಯ್ತಾರೆ. ಗಾಡಿಯ ಪಕ್ಕದ ಗೂಟಕ್ಕೆ ಒರಗಿ ದಿಮ್ಮಿ ಸುಮ್ಮನೆ ಮಲಗಿರುತ್ತದೆ. ಗೂಟ ಕಿತ್ತ ಕೂಡಲೇ ಉರುಳುತ್ತದೆ. ಅದಕ್ಕೇ ಮೊದಲು ದಿಮ್ಮಿಗೆ ಸರಪಣಿ ಸುತ್ತಿ, ಆಚೆ ಬದಿಯ ಮರಕ್ಕೆ ಕಟ್ಟಿ, ಆಮೇಲೆ ಗೂಟಕ್ಕೆ ಕೈ ಹಾಕುತ್ತಿದ್ದರು.

ಬೆಟ್ಟಕ್ಕೆ ಬಂದ ಮೊದಲ ಸ್ಪ್ರಿಂಗುಗಳು ಪ್ಲೇಟಿನವು. ಲಾರಿಗೂ ಪ್ಲೇಟು, ಜೀಪಿಗೆ ಹಿಂದೆ ಮುಂದೆ ಎರಡೂ ಕಡೆ ಪ್ಲೇಟು. ಪ್ಲೇಟ್ ಕಟ್ಟಿನ ಗುಣ ಒಳ್ಳೆಯದು. ಒಂದು ಪ್ಲೇಟು ಮುರಿದರೆ ಉಳಿದವು ಹೊರುತ್ತವೆ, ಗಾಡಿ ವಾಲುತ್ತದೆ, ಡ್ರೈವರಿಗೆ ಗೊತ್ತಾಗುತ್ತದೆ. ಮರದ ತುಂಡು ಸಿಕ್ಕಿಸಿ, ಹಗ್ಗ ಬಿಗಿದು ಘಾಟಿಯ ಬುಡದ ಬಣ್ಣಾರಿ ತನಕ ಇಳಿಸಿದ ಜೀಪುಗಳನ್ನು ನಾನೇ ನೋಡಿದ್ದೇನೆ.

ನಾನು ಕಾಯಿಲ್ ನೋಡಿದ್ದು 1978ರಲ್ಲಿ. ಹದಿನಾಲ್ಕು ವರ್ಷ. ಸತ್ಯಮಂಗಲದ ಒಂದು ವರ್ಕ್‌ಶಾಪಿಗೆ ಅಪ್ಪ ಬಿಟ್ಟು ಹೋಗಿದ್ದ. ಅಲ್ಲಿ ಬರುತ್ತಿದ್ದ ಕಾರುಗಳು ಮುಖ್ಯವಾಗಿ ಎರಡು ಜಾತಿ. ಅಂಬಾಸಿಡರಿನ ಮುಂದೆ ಕಾಯಿಲ್ ಇಲ್ಲ, ಉದ್ದಕ್ಕೆ ಮಲಗಿದ ಉಕ್ಕಿನ ಸರಳು ತಿರುಚಿಕೊಂಡು ಭಾರ ಹೊರುತ್ತದೆ. ಫಿಯೆಟ್ಟಿಗೆ ಮಾತ್ರ ಮುಂದೆ ಕಾಯಿಲ್. ಆಗಲೇ ಅದರ ಹೆಸರು ಪ್ರೀಮಿಯರ್ ಪದ್ಮಿನಿ ಆಗಿತ್ತು, ಆದರೆ ಬಾಯಲ್ಲಿ ಫಿಯೆಟ್ಟೇ. ಡಾಕ್ಟರು, ಅಕ್ಕಿ ಗಿರಣಿ ಸಾಹುಕಾರರು ಇಟ್ಟುಕೊಳ್ಳುತ್ತಿದ್ದ ಕಾರು. ಕುಳಿತರೆ ಮೆತ್ತಗೆ ಹೋಗುತ್ತದೆ ಅಂತ ಅವರಿಗೆ ಹೆಮ್ಮೆ. ಆ ಮೆತ್ತಗಿನ ಕೆಳಗೆ ಏನು ಅದುಮಿಟ್ಟಿದೆ ಅನ್ನುವುದು ಬಿಚ್ಚುವವನಿಗೆ ಮಾತ್ರ ಗೊತ್ತು.

ಅಲ್ಲಿ ನನ್ನ ಜೊತೆ ಇನ್ನೊಬ್ಬ ಹುಡುಗನಿದ್ದ. ಮಳೆಗಾಲ, ಮಣ್ಣಿನ ನೆಲ. ಒಂದು ಫಿಯೆಟ್ಟಿನ ಸ್ಪ್ರಿಂಗು ಕೂತ ಕೆಳಗಿನ ಆರ್ಮಿಗೆ ಬಾಟಲ್ ಜಾಕಿ ಕೊಟ್ಟು, ಆರ್ಮು ಹಿಡಿದಿದ್ದ ನಟ್ಟು ಪೂರ್ತಿ ತೆಗೆದು, ಜಾಕಿ ಇಳಿಸುತ್ತಿದ್ದರು. ಜಾಕಿ ಕೆಸರಿನಲ್ಲಿ ಒಂದು ಬದಿಗೆ ವಾಲಿತು. ಠಣ್ ಅಂತ ಒಂದೇ ಸದ್ದು. ಸ್ಪ್ರಿಂಗು ಎದುರಿನ ಗೋಡೆಯ ಗಾರೆ ಕಿತ್ತು ನೆಲದಲ್ಲಿ ಎರಡು ಸಲ ಪುಟಿದು ನೀರಿನ ತೊಟ್ಟಿಯ ಪಕ್ಕ ನಿಂತಿತು. ಹುಡುಗ ತನ್ನ ಎಡಗೈ ನೋಡಿಕೊಂಡ, ಅತ್ತಿದ್ದು ಆಮೇಲೆ. ಎರಡು ಬೆರಳು ಹೋದವು. ಅವನು ಆ ಕೆಲಸಕ್ಕೆ ಮತ್ತೆ ಬರಲಿಲ್ಲ. ಮೇಸ್ತ್ರಿ ನಮಗೆಲ್ಲ ಹೇಳಿದ್ದು ಇಷ್ಟೇ: ಹುಷಾರಾಗಿರಿ. ಹುಷಾರಾಗಿರಿ ಅನ್ನುವುದು ಒಂದು ಉಪಾಯ ಅಂತ ನಂಬಿದವರನ್ನು ಕಂಡರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ.

ಆ ವಾರ ಅಪ್ಪ ನನ್ನನ್ನು ನೋಡಲು ಬಂದ. ಎಲ್ಲ ಕೇಳಿಸಿಕೊಂಡು, ಫಿಯೆಟ್ಟಿನ ಕೆಳಗೆ ಬಗ್ಗಿ ನೋಡಿ, ಬೀಡಿ ಹಚ್ಚಿಕೊಂಡು ಅಂದ: "ಸರಪಣಿ ಕಟ್ಟದೆ ಗೂಟ ಕೀಳ್ತಾರೇನ್ಲಾ?" ಮುಂದಿನ ಸಲ ಬಂದಾಗ ಹೆಗಲ ಮೇಲೆ ಸರಪಣಿ ಇತ್ತು. ಮರದ ಕೆಲಸ ಆಗಲೇ ಲಾರಿಗಳ ಪಾಲಾಗಿತ್ತು, ಅವನಿಗೆ ಅದರಿಂದ ಉಪಯೋಗ ಇರಲಿಲ್ಲ.

ಲೆಕ್ಕ ಕಲಿತದ್ದು ತುಂಬ ತಡವಾಗಿ, ಚಾಮರಾಜನಗರದ ಒಬ್ಬ ಮೇಷ್ಟ್ರಿಂದ. ಅವರ ಕಾರು ರಿಪೇರಿಗೆ ನಿಂತಿತ್ತು, ಅವರಿಗೆ ಹೊತ್ತು ಹೋಗಬೇಕಿತ್ತು. ಸ್ಪ್ರಿಂಗ್ ಎಷ್ಟು ಕುಗ್ಗುತ್ತದೋ ಅಷ್ಟೇ ಪ್ರಮಾಣದಲ್ಲಿ ತಿರುಗಿ ಒತ್ತುತ್ತದೆ ಅಂತ ರಾಬರ್ಟ್ ಹುಕ್ ಎಂಬ ಇಂಗ್ಲೆಂಡಿನವನು 1678ರಲ್ಲೇ ಬರೆದಿಟ್ಟಿದ್ದಾನಂತೆ. ಹತ್ತು ಸೆಂಟಿಮೀಟರ್ ಅದುಮಲು ಕೊನೆಗೆ 500 ಕೆಜಿ ಭಾರ ಬೇಕು ಅನ್ನುವ ಸ್ಪ್ರಿಂಗ್ ಇಟ್ಟುಕೊಳ್ಳಿ. ಸೊನ್ನೆಯಿಂದ 500ರ ತನಕ ಸರಾಸರಿ 250. ಹತ್ತು ಸೆಂಟಿಮೀಟರ್ ಅಂದರೆ ಮೀಟರಿನ ಹತ್ತನೇ ಒಂದು ಭಾಗ. ಗುಣಿಸಿದರೆ 25 ಕೆಜಿಯನ್ನು ಒಂದು ಮೀಟರ್ ಎತ್ತುವಷ್ಟು ಶಕ್ತಿ ಒಳಗೆ ಕೂತಿದೆ. ಸ್ಪ್ರಿಂಗಿನ ತೂಕ ಐದು ಕೆಜಿ. ಅಷ್ಟೂ ಶಕ್ತಿ ಅದರ ಮೈಗೇ ಹತ್ತಿದರೆ ಐದು ಮೀಟರ್ ಮೇಲೆ ಹಾರುತ್ತದೆ, ಹೊರಡುವಾಗಿನ ವೇಗ ಗಂಟೆಗೆ ಸುಮಾರು 36 ಕಿಲೋಮೀಟರ್. ನನ್ನ ಶೆಡ್ಡಿನ ತಗಡು ನಾಲ್ಕು ಮೀಟರಿನಲ್ಲಿದೆ ಅಂದೆ. ಮೇಷ್ಟ್ರು ತಲೆ ಎತ್ತಿ ತಗಡು ನೋಡಿ, ಕುರ್ಚಿ ಹಿಂದಕ್ಕೆ ಎಳೆದುಕೊಂಡರು.

ಅಮೆರಿಕದ ಜನರಲ್ ಮೋಟರ್ಸ್ 1934ರ ಕಾರುಗಳಲ್ಲೇ ಮುಂದಿನ ಎರಡು ಚಕ್ರಗಳಿಗೆ ಬೇರೆ ಬೇರೆ ಕಾಯಿಲ್ ಕೊಟ್ಟಿತ್ತು. ನಮ್ಮ ಬೆಟ್ಟಕ್ಕೆ ಅದು ಸರಿಯಾಗಿ ಹತ್ತಿ ಬರಲು ಅರವತ್ತಕ್ಕೂ ಹೆಚ್ಚು ವರ್ಷ ಬೇಕಾಯಿತು. ನಾನು 1986ರಲ್ಲಿ ತಾಳವಾಡಿಗೆ ವಾಪಸ್ ಬಂದು ಶೆಡ್ ಹಾಕಿದಾಗ ಬರುತ್ತಿದ್ದುದೆಲ್ಲ ಪ್ಲೇಟಿನ ಗಾಡಿಗಳೇ. ಸರಪಣಿ ತೂಗು ಬಿದ್ದಿತ್ತು. ಆಮೇಲೆ ಒಂದೊಂದಾಗಿ ಮಾರುತಿ 800 ಬಂದವು. ಅದರದ್ದು ಬೇರೆ ರೀತಿ: ಶಾಕಬ್ಸರ್ ಮೈಮೇಲೆಯೇ ಸ್ಪ್ರಿಂಗ್ ಕೂತು, ತಲೆಯ ಮೇಲೆ ಒಂದು ನಟ್ಟು ಅದನ್ನು ಹಿಡಿದಿರುತ್ತದೆ. ಗಾಡಿಯಿಂದ ಇಡೀ ಕಂಬ ಇಳಿಸಿ ಮೇಜಿನ ಮೇಲೆ ಇಟ್ಟರೆ ಯಾವ ಅಪಾಯವೂ ಇಲ್ಲದ ಸಾಮಾನಿನಂತೆ ಕಾಣುತ್ತದೆ. ಹೊಸ ಹುಡುಗರು ಮೊದಲು ಕೈ ಹಾಕುವುದು ಆ ತಲೆಯ ನಟ್ಟಿಗೇ.

ಅದನ್ನು ಬಿಚ್ಚಲು ಸ್ಪ್ರಿಂಗ್ ಅದುಮುವ, ಕೊಕ್ಕೆ ಇರುವ ಎರಡು ಕಂಪ್ರೆಸರ್ ಬೇಕು. ಕೊಯಮತ್ತೂರಿನಿಂದ ತರಿಸಿದೆ. ಸ್ಪ್ರಿಂಗಿನ ಎರಡು ಎದುರುಬದುರು ಮೈಗೆ ಕೊಕ್ಕೆ ಸಿಕ್ಕಿಸಬೇಕು. ಎರಡೂ ಒಂದೇ ಕಡೆ ಸರಿದರೆ ಸ್ಪ್ರಿಂಗು ಬಾಳೆಕಾಯಿಯಂತೆ ಬಾಗಿ ಕೊಕ್ಕೆ ಜಾರುತ್ತದೆ. ಕಾಯಿಲ್ ಮೇಲೆ ಗ್ರೀಸ್ ಇರಬಾರದು, ಕಂಪ್ರೆಸರಿನ ತಿರುಪಿನ ಮರೆಗೆ ಗ್ರೀಸ್ ಇರಲೇಬೇಕು. ಈ ಕಡೆ ಎರಡು ಸುತ್ತು, ಆ ಕಡೆ ಎರಡು ಸುತ್ತು, ಕೈಯಿಂದಲೇ. ಗಾಳಿ ಗನ್ ಹಿಡಿದು ಬರ್ ಅನ್ನಿಸಬಾರದು. ಸ್ಪ್ರಿಂಗು ತಾನು ಕೂರುವ ಬಟ್ಟಲಲ್ಲಿ ಸಡಿಲವಾಗಿ ಕೈಯಲ್ಲಿ ಅಲ್ಲಾಡುವ ತನಕ ತಲೆಯ ನಟ್ಟು ಮುಟ್ಟುವುದಿಲ್ಲ. ಮುಟ್ಟಿದಾಗಲೂ ಅದರ ನೇರಕ್ಕೆ ಮುಖ, ಎದೆ ಇಡುವುದಿಲ್ಲ.

2000ನೇ ಇಸವಿ ನಮ್ಮವರು ಮರೆಯುವ ವರ್ಷವಲ್ಲ. ಜುಲೈ 30ರ ರಾತ್ರಿ ದೊಡ್ಡಗಾಜನೂರಿನ ಮನೆಯಿಂದ ರಾಜಕುಮಾರ್ ಅವರನ್ನು ವೀರಪ್ಪನ್ ಕರೆದೊಯ್ದ. 108 ದಿನ ಈ ರಸ್ತೆಗಳಲ್ಲಿ ಪೊಲೀಸ್ ಗಾಡಿ ಬಿಟ್ಟು ಬೇರೆ ಸದ್ದು ಕಡಿಮೆ. ಅದೇ ವರ್ಷ ಬೊಲೆರೊ ಮಾರುಕಟ್ಟೆಗೆ ಬಂತು. ಆಗ ಯಾರೂ ಗಮನಿಸಲಿಲ್ಲ, ಆದರೆ ಕೆಲವೇ ವರ್ಷಗಳಲ್ಲಿ ಜೀಪಿದ್ದವರೆಲ್ಲ ಅದಕ್ಕೆ ಬದಲಾಯಿಸಿಕೊಂಡರು. ಹಿಂದೆ ಹಳೆಯ ಪ್ಲೇಟೇ, ಮುಂದೆ ಕಾಯಿಲ್. ಸರಪಣಿ ಗೂಟದಿಂದ ಇಳಿಯಿತು.

ನನ್ನ ಕ್ರಮ ಹೇಳುತ್ತೇನೆ. ಹಿಂದಿನ ಎರಡು ಚಕ್ರಕ್ಕೂ ಕಲ್ಲಲ್ಲ, ಮರದ ತಡೆ. ಕಲ್ಲು ಉರುಳುತ್ತದೆ. ಚಾಸಿಯ ಎರಡು ಬದಿಗೂ ಸ್ಟ್ಯಾಂಡ್ ಕೊಟ್ಟು, ಗಾಡಿಯನ್ನು ತೋಳಿನಿಂದ ಜೋರಾಗಿ ಅಲ್ಲಾಡಿಸಿ ನೋಡಬೇಕು. ಬೀಳುವುದಿದ್ದರೆ ನಾವು ಹೊರಗಿರುವಾಗಲೇ ಬೀಳಲಿ. ಜಾಕಿ ಲೋಯರ್ ಆರ್ಮಿನ ಕೆಳಗೆ, ಸಿಮೆಂಟ್ ನೆಲದ ಮೇಲೆ. ಆರ್ಮನ್ನು ಚಕ್ರದ ಕಡೆಗೆ ಸೇರಿಸುವ ಬಾಲ್ ಜಾಯಿಂಟಿನ ನಟ್ಟು ಸಡಿಲಿಸಬೇಕು, ತೆಗೆಯಬಾರದು, ನಾಲ್ಕು ಮರೆ ಹಾಗೇ ಹಿಡಿದಿರಬೇಕು. ಜಾಯಿಂಟು ಬಡಿತಕ್ಕೆ ಬಿಟ್ಟುಕೊಂಡರೆ ಆ ನಾಲ್ಕು ಮರೆಯೇ ಪ್ರಾಣ ಉಳಿಸುವುದು. ಈಗ ಸರಪಣಿ: ಕಾಯಿಲ್ ಸುತ್ತುಗಳ ಒಳಗೆ ತೂರಿಸಿ, ಚಾಸಿಗೆ ಸುತ್ತಿ, ಕೊಂಡಿಗೆ ಬೋಲ್ಟ್ ಹಾಕಬೇಕು. ಬಿಗಿ ಮಾಡಬಾರದು, ಸ್ಪ್ರಿಂಗು ತನ್ನ ಪೂರ್ತಿ ಉದ್ದಕ್ಕೆ ಬಿಡಿಸಿಕೊಳ್ಳುವಷ್ಟು ಸಡಿಲ ಇರಲಿ, ಅದಕ್ಕಿಂತ ಒಂದು ಗೇಣೂ ಹೆಚ್ಚು ಬೇಡ. ಆಮೇಲೆ ನಟ್ಟು ತೆಗೆದು ಜಾಕಿಯನ್ನು ಇಂಚಿಂಚಾಗಿ ಇಳಿಸುವುದು.

ಹಾಕುವಾಗ ಇದೇ ದಾರಿ ಹಿಂದುಮುಂದು. ಕಾಯಿಲ್ ತಂತಿಯ ತುದಿ ಕೆಳಗಿನ ಬಟ್ಟಲಿನ ಮೆಟ್ಟಿಲಿಗೆ ಸರಿಯಾಗಿ ತಾಗಿ ಕೂರಬೇಕು. ಮೇಲೆ ರಬ್ಬರು ಮಡಚಿಕೊಂಡಿರಬಾರದು. ಜಾಕಿ ಏರಿಸುತ್ತಾ ಏರಿಸುತ್ತಾ ಎರಡು ಸಲ ನಿಲ್ಲಿಸಿ ಟಾರ್ಚ್ ಹಾಕಿ ನೋಡುತ್ತೇನೆ. ಒಮ್ಮೆ ಎಂಜಿನ್ ಇಳಿಸಿದ್ದ ಬೊಲೆರೊಗೆ ಸ್ಪ್ರಿಂಗ್ ಹಾಕಲು ಹೋದೆ. ಅದುಮಲು ಮೇಲೆ ಭಾರವೇ ಇಲ್ಲ, ಜಾಕಿ ಏರಿದಂತೆಲ್ಲ ಚಾಸಿ ಸ್ಟ್ಯಾಂಡಿನಿಂದ ಮೇಲೇಳುತ್ತಿತ್ತು. ಬಾನೆಟ್ ಜಾಗದಲ್ಲಿ ಎಂಟು ಮೂಟೆ ಆಲೂಗಡ್ಡೆ ಪೇರಿಸಿ, ಮೇಲೆ ಇಬ್ಬರನ್ನು ಕೂರಿಸಿ ಕೆಲಸ ಮುಗಿಸಿದೆ. ಹೆಮ್ಮೆ ಪಡುವ ಕೆಲಸವಲ್ಲ. ಜಾರಿದ್ದರೆ ಕೂತಿದ್ದ ಇಬ್ಬರೂ ಹೋಗುತ್ತಿದ್ದರು. ಈಗ ಎಂಜಿನ್ ಕೂತ ಮೇಲೇ ಸ್ಪ್ರಿಂಗ್.

ಲೋಯರ್ ಆರ್ಮಿನ ಬುಶ್ ಬೋಲ್ಟುಗಳನ್ನು ಗಾಡಿ ಚಕ್ರದ ಮೇಲೆ ನಿಂತ ಮೇಲೆ ಬಿಗಿಯಬೇಕು. ನೇತಾಡುವಾಗ ಬಿಗಿದರೆ ರಬ್ಬರು ಯಾವಾಗಲೂ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ.

ಕಾಯಿಲ್ ಮುರಿಯುವ ಜಾಗವೂ ಗೊತ್ತಿರುವುದೇ, ತೀರಾ ಕೆಳಗಿನ ಸುತ್ತು. ಬಟ್ಟಲಲ್ಲಿ ಮಣ್ಣು, ನೀರು ನಿಂತು ತುಕ್ಕು ತಿಂದ ಕಡೆಯೇ ಬಿರುಕು ಹುಟ್ಟುತ್ತದೆ. ಅಂಥದ್ದಕ್ಕೆ ಬೆಸುಗೆ ಹಾಕಿಕೊಡಿ ಅಂತ ಬರುವವರಿದ್ದಾರೆ. ಗಾಡಿ ತಗ್ಗಾಗಿ ಚೆನ್ನಾಗಿ ಕಾಣಲಿ ಅಂತ ಒಂದು ಸುತ್ತು ಗ್ಯಾಸಿನಲ್ಲಿ ಕತ್ತರಿಸಿಕೊಡಿ ಅನ್ನುವ ಹುಡುಗರೂ ಇದ್ದಾರೆ. ಬೆಂಕಿ ತಾಗಿದ ಉಕ್ಕಿನ ಹದ ಹೋಗುತ್ತದೆ. ಎಂಟು ಸುತ್ತಿನಲ್ಲಿ ಒಂದು ಕತ್ತರಿಸಿದರೆ ಉಳಿದದ್ದು ಏಳರಲ್ಲಿ ಒಂದು ಭಾಗದಷ್ಟು ಹೆಚ್ಚು ಗಟ್ಟಿಯಾಗುತ್ತದೆ, ತುದಿ ಬಟ್ಟಲಿಗೆ ಹೊಂದುವುದೂ ಇಲ್ಲ. ಎರಡೂ ಕೆಲಸ ನನ್ನಲ್ಲಿ ಇಲ್ಲ. ಬೇರೆ ಕಡೆ ಮಾಡಿಸಿಕೊಂಡು ಬಂದರೆ ನೋಡುವುದೂ ಇಲ್ಲ.

2022ರ ಫೆಬ್ರವರಿ 10ರಿಂದ ಹೈಕೋರ್ಟ್ ಆದೇಶದಂತೆ ಘಾಟಿಯಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧ ಬಂತು. ಹುಲಿ ಸಂರಕ್ಷಿತ ಪ್ರದೇಶದೊಳಗಿನ ರಸ್ತೆ, ಪ್ರಾಣಿಗಳು ಗಾಡಿಗೆ ಸಿಕ್ಕಿ ಸಾಯುತ್ತಿದ್ದವು, ಆದೇಶ ತಪ್ಪು ಅನ್ನಲಾರೆ. ಊರವರಿಗೆ ಆಮೇಲೆ ಸ್ವಲ್ಪ ಸಡಿಲಿಕೆ ಸಿಕ್ಕಿತು. ಆದರೆ ಸರಕು ಹೇರಿದವರಿಗೆ ಸಂಜೆ ಆರು ಗಂಟೆ ಅನ್ನುವುದು ತಲೆಯ ಮೇಲೆ ಕೂತಿತು. ಅದರ ಬಿಸಿ ನನ್ನ ಶೆಡ್ಡಿಗೂ ತಟ್ಟಿತು. ಎಲ್ಲ ಡ್ರೈವರುಗಳಿಗೂ ನಾಲ್ಕು ಗಂಟೆಯ ಮೇಲೆ ಒಂದೇ ಮಾತು, ಬೇಗ ಬುಡಣ್ಣ.

ಕಳೆದ ಆಡಿ ತಿಂಗಳಲ್ಲಿ ಚಾಮರಾಜನಗರದ ಕಡೆಯವನೊಬ್ಬ ಕೋಸಿನ ಮೂಟೆ ತುಂಬಿದ ಬೊಲೆರೊ ತಂದ. ಎಡಗಡೆ ಕಾಯಿಲ್ ತುಂಡು. ಮೂಟೆ ಇಳಿಸಿಸಿದೆ, ಅದಕ್ಕೇ ಅರ್ಧ ಗಂಟೆ. ತಂಗಿಯ ಮಗ ಈಗ ನನ್ನ ಜೊತೆ ಕೆಲಸ ಮಾಡುತ್ತಾನೆ, ಐಟಿಐ ಓದಿದವನು. ಹಿಂದೊಮ್ಮೆ ಅವನೇ ಮೊಬೈಲಿನಲ್ಲಿ ಯಾವುದೋ ವಿದೇಶಿ ಕಾರಿನ ರಿಪೇರಿ ಪುಸ್ತಕದ ಚಿತ್ರ ತೋರಿಸಿದ್ದ. ಕಾಯಿಲ್ ಒಳಗೆ ತೂರಿಸಿದ ಒಂದು ಸರಪಣಿ, ಗೆರೆಯಲ್ಲಿ ಬರೆದದ್ದು. ತಾತ ಇದನ್ನ ಎಲ್ಲಿ ಓದಿದ್ರು ಅಂತ ಕೇಳಿದ. ಅಪ್ಪನಿಗೆ ರುಜು ಹಾಕಲೂ ಬರುತ್ತಿರಲಿಲ್ಲ.

ಆ ದಿನ ಐದು ಗಂಟೆಗೆ ಹೊಸ ಸ್ಪ್ರಿಂಗು ಬಟ್ಟಲಲ್ಲಿ ಕೂತಿತ್ತು. ಡ್ರೈವರ್ ಗಡಿಯಾರ ನೋಡುತ್ತಾ ಅತ್ತಿಂದಿತ್ತ ತಿರುಗುತ್ತಿದ್ದ. ಹುಡುಗ ಜಾಕಿಯ ಹಿಡಿಗೆ ಕೈ ಹಾಕಿದ. ನಾನು ಹೊರಗೆ ಕೋಸಿನ ಮೂಟೆಯ ಮೇಲೆ ಕೂತಿದ್ದವನು ಕೇಳಿದೆ, "ಸರಪಣಿ ಹಾಕ್ದಿಯಾ?" ಅವನು ಮಾತಾಡಲಿಲ್ಲ. ಜಾಕಿ ಬಿಟ್ಟು ಎದ್ದು ಗೂಟದ ಕಡೆ ನಡೆದ. ಎರಡೂ ಕಡೆ ಹೊಸ ಕಾಯಿಲ್ ಹಾಕಿ, ಬುಶ್ ಬೋಲ್ಟು ಬಿಗಿದು ಮುಗಿಸುವಾಗ ಆರೂವರೆ. ಡ್ರೈವರ್ ನನ್ನನ್ನು ಬೈಯ್ಯಲಿಲ್ಲ, ಆದರೆ ಮಾತೂ ಆಡಲಿಲ್ಲ. ಮುದ್ದೆ ಉಂಡು ಶೆಡ್ಡಿನಲ್ಲೇ ಮಲಗಿದ. ಬೆಳಿಗ್ಗೆ ಮೂಟೆ ಹೇರಿಕೊಂಡು ಹೊರಡುವಾಗ ಕೂಲಿಯ ಜೊತೆ ಎರಡು ಕೋಸು ಮೇಜಿನ ಮೇಲೆ ಇಟ್ಟು ಹೋಗಿದ್ದ. ಒಂದು ಸ್ವಲ್ಪ ಬಾಡಿತ್ತು.