ತುಟಿ ಬಿಗಿದು ನಕ್ಕವರು

ನನ್ನ ಏಳನೇ ಕ್ಲಾಸಿನ ಗ್ರೂಪ್ ಫೋಟೋದಲ್ಲಿ ಒಬ್ಬರೂ ಹಲ್ಲು ಬಿಟ್ಟಿಲ್ಲ. ಫೋಟೋದವನು ‘ನಗ್ರೋ’ ಅಂದಿದ್ದ. ನಾವು ತುಟಿ ಬಿಗಿಹಿಡಿದೇ ನಕ್ಕಿದ್ದೆವು. ಪಾವಗಡದ ಕಡೆ ಕೊಳವೆಬಾವಿ ನೀರು ಕುಡಿದು ಬೆಳೆದವರಿಗೆ ಇದರ ಕಾರಣ ಹೇಳಬೇಕಾಗಿಲ್ಲ. ಮುಂದಿನ ಹಲ್ಲುಗಳ ಮೇಲೆ ಅಡ್ಡಡ್ಡ ಕಂದು ಪಟ್ಟೆ, ತೆಲುಗು ಬೆರೆತ ನಮ್ಮ ಸೀಮೆಯ ಮಾತಿನಲ್ಲಿ ‘ಗಾರ ಪಳ್ಳು’. ಬೆಂಗಳೂರಿನ ಹಾಸ್ಟೆಲಿಗೆ ಬಂದ ಮೇಲೆ ಅದಕ್ಕೆ ಬೇರೆ ಅರ್ಥ ಅಂಟಿಕೊಂಡಿತು: ಗುಟ್ಕಾ ಹಾಕುವವನು, ಹಲ್ಲುಜ್ಜದವನು. ನಾನೋ ದಿನಕ್ಕೆ ಮೂರು ಸಲ ಉಜ್ಜುತ್ತಿದ್ದೆ. ಇದ್ದಿಲು, ಉಪ್ಪು, ಸೋಡಾಪುಡಿ ಎಲ್ಲ ಆಯಿತು. ಒಸಡು ಸುಲಿಯಿತು, ಕಲೆ ಹೋಗಲಿಲ್ಲ.

ನಲವತ್ತು ದಾಟಿದ ಮೇಲೆ ದಂತವೈದ್ಯೆಯೊಬ್ಬರು ನನ್ನ ಬಾಯೊಳಗೆ ಕನ್ನಡಿ ಆಡಿಸಿ, ‘ಹುಳುಕು ಒಂದೂ ಇಲ್ಲವಲ್ಲ ಸರ್’ ಎಂದು ಆಶ್ಚರ್ಯಪಟ್ಟರು. ಆ ಆಶ್ಚರ್ಯ ನೂರು ವರ್ಷ ಹಳೆಯದು ಎಂದು ಆಮೇಲೆ ಓದಿ ತಿಳಿದೆ.

1901ರಲ್ಲಿ ಫ್ರೆಡರಿಕ್ ಮೆಕೇ ಎಂಬ ಎಳೆಯ ದಂತವೈದ್ಯ ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್ ಊರಿಗೆ ಬಂದ. ಅಲ್ಲಿಯವರ ಹಲ್ಲುಗಳಲ್ಲಿ ಚಾಕೊಲೇಟ್ ಬಣ್ಣದ ಕಲೆ. ಊರವರನ್ನು ಕೇಳಿದರೆ ಕೆಲವರು ಹಂದಿಮಾಂಸ ಹೆಚ್ಚಾಯಿತು ಅಂದರು, ಕೆಲವರು ಹಾಲು ಸರಿಯಿಲ್ಲ ಅಂದರು. ದೊಡ್ಡ ಹೆಸರಿನ ಜಿ. ವಿ. ಬ್ಲ್ಯಾಕ್ ಮೊದಲು ಈ ಮಾತನ್ನೇ ನಂಬಲಿಲ್ಲ. 1909ರಲ್ಲಿ ಬಂದು ನೋಡಿದ. ಆ ಊರಲ್ಲೇ ಹುಟ್ಟಿದ ಮಕ್ಕಳಲ್ಲಿ ನೂರಕ್ಕೆ ಹತ್ತಿರಹತ್ತಿರ 90 ಮಂದಿಗೆ ಕಲೆಯಿತ್ತು. ದೊಡ್ಡವರಾದ ಮೇಲೆ ಬಂದು ನೆಲೆಸಿದವರಿಗೆ ಮಾತ್ರ ಇಲ್ಲ. ಅಂದರೆ ಹಲ್ಲು ಒಸಡಿನೊಳಗೆ ರೂಪುಗೊಳ್ಳುವಾಗಲೇ ಅದರ ಎನಾಮೆಲ್ ಕೆಡುತ್ತದೆ. ಹೊರಗೆ ಬಂದ ಮೇಲೆ ಉಜ್ಜಿದರೆ ಏನು ಬಂತು! ಇದನ್ನು ಓದಿದ ದಿನ ನನ್ನ ಹಾಸ್ಟೆಲಿನ ಬಚ್ಚಲುಮನೆ ನೆನಪಾಗಿ ಸ್ವಲ್ಪ ಹೊತ್ತು ಪುಸ್ತಕ ಮುಚ್ಚಿಟ್ಟೆ. ಇನ್ನೊಂದು ವಿಚಿತ್ರವನ್ನೂ ಅವರು ಗಮನಿಸಿದರು. ಕಲೆಬಿದ್ದ ಈ ಹಲ್ಲುಗಳು ಅಷ್ಟು ಸುಲಭಕ್ಕೆ ಹುಳುಕಾಗುತ್ತಿರಲಿಲ್ಲ.

ಬ್ಲ್ಯಾಕ್ 1915ರಲ್ಲಿ ತೀರಿಕೊಂಡ. ಮೆಕೇ ಬಿಡಲಿಲ್ಲ. 1923ರಲ್ಲಿ ಐಡಹೊ ರಾಜ್ಯದ ಓಕ್ಲಿ ಎಂಬ ಊರಿಗೆ ಹೋದ. ಬಿಸಿನೀರಿನ ಬುಗ್ಗೆಯೊಂದರಿಂದ ಊರಿಗೆ ಪೈಪು ಎಳೆದ ಮೇಲೆ ಮಕ್ಕಳ ಹಲ್ಲಲ್ಲಿ ಕಲೆ ಶುರುವಾಗಿದೆ ಎಂದು ಗುರುತಿಸಿದ್ದವರು ಅಲ್ಲಿನ ತಾಯಿತಂದೆಯರೇ. ನೀರಿನಲ್ಲಿ ಏನಿದೆ ಎಂದು ಮೆಕೇಗೂ ಗೊತ್ತಿರಲಿಲ್ಲ. ಆದರೂ ಆ ಪೈಪು ಬಿಟ್ಟು ಬೇರೆ ಬುಗ್ಗೆಯ ನೀರು ತನ್ನಿ ಎಂದ. ಊರವರು ಹಾಗೇ ಮಾಡಿದರು. ಕೆಲವು ವರ್ಷಗಳಲ್ಲಿ ಕಿರಿಯ ಮಕ್ಕಳಿಗೆ ಬಿಳಿ ಹಲ್ಲು ಬಂತು. ಇಡೀ ಕಥೆಯಲ್ಲಿ ನನಗೆ ಹೊಟ್ಟೆಕಿಚ್ಚು ಹುಟ್ಟಿಸುವ ಭಾಗ ಇದೇ.

ಕಾರಣ ಸಿಕ್ಕಿದ್ದು 1931ರಲ್ಲಿ. ಅಲ್ಯೂಮಿನಿಯಂ ಕಂಪನಿಯೊಂದರ ರಸಾಯನಜ್ಞ ಎಚ್. ವಿ. ಚರ್ಚಿಲ್, ಆರ್ಕನ್ಸಾದ ಬಾಕ್ಸೈಟ್ ಎಂಬ ಗಣಿಯೂರಿನ ನೀರಿನಲ್ಲಿ ಫ್ಲೋರೈಡ್ ಕಂಡ. ಕುಡಿಯುವ ನೀರಿನಲ್ಲಿ ಅದು ಇರಬಹುದೆಂದು ಯಾರೂ ಎಣಿಸಿರಲಿಲ್ಲ. ಅವನು ಇನ್ನೊಂದು ಮಾದರಿ ತರಿಸಿ ನೋಡಿದ. ಆಮೇಲೆ ಟ್ರೆಂಡ್ಲಿ ಡೀನ್ ಎಂಬ ಸರ್ಕಾರಿ ವೈದ್ಯ ಊರೂರು ಅಳೆದು ಲೆಕ್ಕ ಕೊಟ್ಟ: ಲೀಟರಿಗೆ ಸುಮಾರು 1 ಮಿಲಿಗ್ರಾಂ ಇದ್ದರೆ ಕಲೆ ಅಷ್ಟಾಗಿ ಬಾರದು, ಹುಳುಕೂ ಕಡಿಮೆ. 1945ರ ಜನವರಿ 25ರಂದು ಮಿಶಿಗನ್ನಿನ ಗ್ರ್ಯಾಂಡ್ ರ‍್ಯಾಪಿಡ್ಸ್ ನಗರ ತನ್ನ ನಲ್ಲಿನೀರಿಗೆ ಫ್ಲೋರೈಡ್ ಬೆರೆಸತೊಡಗಿತು. ಹನ್ನೊಂದು ವರ್ಷದ ನಂತರ ನೋಡಿದಾಗ, ಆಮೇಲೆ ಹುಟ್ಟಿದ ಮಕ್ಕಳಲ್ಲಿ ಹುಳುಕು ಶೇಕಡಾ 60ಕ್ಕೂ ಹೆಚ್ಚು ಇಳಿದಿತ್ತು. ನಮ್ಮ ಟೂತ್‌ಪೇಸ್ಟಿನೊಳಗೆ ಫ್ಲೋರೈಡ್ ಬಂದದ್ದು ಇದೇ ದಾರಿಯಲ್ಲಿ.

ಆದರೆ ಗ್ರ್ಯಾಂಡ್ ರ‍್ಯಾಪಿಡ್ಸಿಗೆ ಎಂಟು ವರ್ಷ ಮೊದಲೇ, 1937ರಲ್ಲಿ, ಆಗಿನ ಮದರಾಸು ಪ್ರಾಂತ್ಯದ ನೆಲ್ಲೂರು ಜಿಲ್ಲೆಯಿಂದ ಒಂದು ವರದಿ ಬಂದಿತ್ತು. ಬರೆದವರು ಶಾರ್ಟ್, ಪಂಡಿತ್, ರಾಘವಾಚಾರಿ. ಅಲ್ಲಿ ಕಲೆ ಹಲ್ಲಿಗೆ ನಿಂತಿರಲಿಲ್ಲ. ಬೆನ್ನು ಸೆಟೆದು, ಕೀಲು ಬಿಗಿದು, ಮೂಳೆಯೇ ಬದಲಾದ ಮನುಷ್ಯರು. ಅಲ್ಲಿಯೂ ನೀರೇ ಕಾರಣ. ಒಂದು ದೇಶ ಫ್ಲೋರೈಡನ್ನು ತೂಗಿ ನೀರಿಗೆ ಹಾಕುವ ಹೊತ್ತಿಗೆ, ಇನ್ನೊಂದು ಕಡೆ ಅದನ್ನು ತೆಗೆಯುವುದು ಹೇಗೆಂದು ತಿಳಿಯದೆ ಜನ ಅದನ್ನೇ ಸೇದಿ ಕುಡಿಯುತ್ತಿದ್ದರು. ಆಮೇಲೆ ನಮ್ಮಲ್ಲಿ ಬಾವಿಗಳು ಬತ್ತಿದವು, ಕೊಳವೆಗಳು ಆಳಕ್ಕೆ ಇಳಿದವು, ಬಂಡೆಯ ಸಂದಿನಲ್ಲಿ ಬಹುಕಾಲ ನಿಂತ ನೀರು ಮೇಲೆ ಬಂತು. ನನ್ನಜ್ಜಿ ತೆರೆದ ಬಾವಿಯ ಕಾಲದವಳು. ಬೇವಿನಕಡ್ಡಿಯಲ್ಲಿ ಉಜ್ಜಿದ ಅವಳ ಹಲ್ಲು ಕೊನೆಯವರೆಗೂ ಬಿಳಿ. ‘ನಿಮಗೆ ಉಜ್ಜೋಕೆ ಸೋಮಾರಿತನ ಕಣೋ’ ಎಂದು ಗದರುತ್ತಿದ್ದಳು. ಕಡ್ಡಿಯ ಮಹಿಮೆಯಲ್ಲ, ಬಾವಿಯದು ಎಂದು ಅವಳಿಗೆ ಹೇಳುವಷ್ಟು ತಿಳಿವಳಿಕೆ ಆಗ ನನಗಿರಲಿಲ್ಲ.

ಬೆಂಗಳೂರಲ್ಲಿ ಕಾವೇರಿ ನೀರು ಕುಡಿದು, ಅದೂ ಫಿಲ್ಟರಿಗೆ ಹಾಕಿದ್ದನ್ನು ಕುಡಿದು ಬೆಳೆದ ನನ್ನ ಮಗಳದು ಮುತ್ತಿನಂಥ ಹಲ್ಲು. ಒಂಬತ್ತಕ್ಕೇ ಎರಡು ಹುಳುಕು. ಹುಳುಕು ಎಂದರೆ ಹುಳವಲ್ಲ. ಬಾಯಲ್ಲಿರುವ ಬ್ಯಾಕ್ಟೀರಿಯಾಗಳು ಸಕ್ಕರೆ ತಿಂದು ಬಿಡುವ ಆಮ್ಲ ಎನಾಮೆಲನ್ನು ಕರಗಿಸುತ್ತದೆ. ಉಗುಳು ಅದನ್ನು ಮತ್ತೆ ಮತ್ತೆ ತೇಪೆ ಹಾಕುತ್ತದೆ, ಫ್ಲೋರೈಡ್ ಆ ತೇಪೆಯನ್ನು ಗಟ್ಟಿ ಮಾಡುತ್ತದೆ. ಗಂಟೆಗೊಮ್ಮೆ ಬಿಸ್ಕತ್ತು ತಿಂದರೆ ತೇಪೆಗೆ ಪುರಸೊತ್ತೆಲ್ಲಿ? ವೈದ್ಯೆ ಹೇಳಿದಂತೆ ಅವಳೀಗ ರಾತ್ರಿ ಮಲಗುವ ಮುಂಚೆ ಬಟಾಣಿ ಕಾಳಿನಷ್ಟು ಫ್ಲೋರೈಡ್ ಪೇಸ್ಟಿನಲ್ಲಿ ಉಜ್ಜಿ, ನೊರೆ ಉಗಿದು, ಬಾಯಿ ಮುಕ್ಕಳಿಸದೆ ಮಲಗುತ್ತಾಳೆ. ನುಂಗಬೇಡ ಎಂದು ಬಾಗಿಲಲ್ಲಿ ನಿಂತು ಕಾಯುವುದು ನನ್ನ ಕೆಲಸ.

ಮೊನ್ನೆ ಊರಿಗೆ ಹೋದಾಗ ಅಣ್ಣನ ಮೊಮ್ಮಗ, ನಾಲ್ಕು ವರ್ಷದವನು, ಮೊಬೈಲಿಗೆ ಬಾಯ್ತುಂಬ ಹಲ್ಲು ಬಿಟ್ಟು ನಕ್ಕ. ಹಾಲುಹಲ್ಲಿಗೆ ಕಲೆ ಅಷ್ಟಾಗಿ ಹತ್ತುವುದಿಲ್ಲ. ಕುಡಿಯಲು ಘಟಕದ ಕ್ಯಾನ್ ನೀರು ತರುತ್ತಾರೆ. ಅಡುಗೆಗೆ ಯಾವ ನೀರು ಎಂದು ಅವನ ತಾಯಿಯನ್ನು ಕೇಳಿದೆ. ಅವಳು ಒಲೆಯ ಮೇಲಿದ್ದ ಬೇಳೆಯ ಪಾತ್ರೆ ನೋಡಿ, ‘ಅದಕ್ಕೆ ನಲ್ಲೀದೇ, ಮಾವಾ’ ಅಂದಳು. ಆ ನಲ್ಲಿಗೆ ನೀರು ಬರುವುದು ಊರ ಕೊಳವೆಬಾವಿಯಿಂದ. ಹುಡುಗನಿಗೆ ಹೊಸ ಹಲ್ಲು ಬರಲು ಇನ್ನೆರಡು ವರ್ಷವಿದೆ.