ಪೆಟ್ ಸ್ಕ್ಯಾನ್ ಯಾಕೆ, ಯಾವಾಗ? ಊರಿಂದ ಹೊರಡೋ ಮೊದಲು ತಿಳಿದಿರಬೇಕಾದ ವಿಷಯಗಳು

ಬಯಾಪ್ಸಿಯಲ್ಲಿ ಕ್ಯಾನ್ಸರ್ ಅಂತ ಗೊತ್ತಾದ ಮೇಲೆ ದೊಡ್ಡಾಸ್ಪತ್ರೆಯ ಡಾಕ್ಟರು ಬರೆದುಕೊಡುವ ಚೀಟಿಯಲ್ಲಿ ಈಗ ಆಗಾಗ ಕಾಣಿಸುವ ಹೆಸರು ಪೆಟ್-ಸಿಟಿ. ಸಿಟಿ ಸ್ಕ್ಯಾನ್ ಆಗಿದೆ, ಎಂಆರ್‌ಐ ಕೂಡ ಆಗಿದೆ, ಮತ್ತೆ ಇದೊಂದು ಯಾಕೆ ಅನ್ನೋದು ಮನೆಯವರ ಮೊದಲ ಪ್ರಶ್ನೆ. ಖರ್ಚು ಸಾವಿರಗಳ ಲೆಕ್ಕದಲ್ಲಿ ಬರುತ್ತೆ. ಒಂದು ದಿನ ಅಂಗಡಿ ಬಾಗಿಲು ಹಾಕಬೇಕು, ಬೆಳಗಿನ ಜಾವದ ಬಸ್ಸು ಹಿಡಿಯಬೇಕು, ಜೊತೆಗೆ ಒಬ್ಬರು ಬರಬೇಕು. ಕೇಳೋದರಲ್ಲಿ ತಪ್ಪೇನಿಲ್ಲ. ಸರಿಯಾಗಿ ಕೇಳಿದರೆ ಉತ್ತರವೂ ಸಿಗುತ್ತೆ.

ಸಕ್ಕರೆಯ ಬೆನ್ನು ಹತ್ತುವ ಪರೀಕ್ಷೆ

ಸಿಟಿ ಮತ್ತು ಎಂಆರ್‌ಐ ಮುಖ್ಯವಾಗಿ ಗಡ್ಡೆಯ ಆಕಾರ, ಅಳತೆ, ಅದು ಎಲ್ಲಿ ಕೂತಿದೆ ಅನ್ನೋದನ್ನು ತೋರಿಸುತ್ತವೆ. ಆ ಗಡ್ಡೆ ಜೀವಂತವಾಗಿದೆಯಾ, ಚಿಕಿತ್ಸೆಯಿಂದ ಸತ್ತು ಬರೀ ಕಲೆಯಾಗಿ ಉಳಿದಿದೆಯಾ ಅನ್ನೋದು ಅಳತೆಯಿಂದ ಎಷ್ಟೋ ಸಲ ಗೊತ್ತಾಗಲ್ಲ. ಪೆಟ್ ನೋಡೋದು ಅದನ್ನೇ, ಅಂದರೆ ಜೀವಕೋಶ ಒಳಗೆ ಏನು ಮಾಡ್ತಿದೆ ಅನ್ನೋದನ್ನ.

ಇದರ ಬೇರು ನೂರು ವರ್ಷ ಹಿಂದಿನದು. ಕ್ಯಾನ್ಸರ್ ಕೋಶಗಳು ಸಾಮಾನ್ಯ ಕೋಶಗಳಿಗಿಂತ ಹೆಚ್ಚು ಗ್ಲೂಕೋಸ್ ಎಳೆದುಕೊಳ್ಳುತ್ತವೆ ಎಂದು ಜರ್ಮನಿಯ ವಿಜ್ಞಾನಿ ಒಟ್ಟೊ ವಾರ್ಬರ್ಗ್ 1920ರ ದಶಕದಲ್ಲೇ ಗಮನಿಸಿದ್ದರು. ಈ ಹಸಿವನ್ನೇ ಬಳಸಿಕೊಂಡು ತಯಾರಾದ ಔಷಧಿ ಎಫ್‌ಡಿಜಿ. ಇದು ಗ್ಲೂಕೋಸ್‌ನಂಥದ್ದೇ ವಸ್ತು, ಆದರೆ ಅದಕ್ಕೆ ಫ್ಲೋರಿನ್-18 ಎಂಬ ವಿಕಿರಣ ಸೂಸುವ ಅಣುವೊಂದನ್ನು ಅಂಟಿಸಿರುತ್ತಾರೆ. ಕೋಶ ಇದನ್ನು ಸಕ್ಕರೆ ಅಂದುಕೊಂಡು ಒಳಗೆ ಎಳೆದುಕೊಳ್ಳುತ್ತೆ, ಆದರೆ ಪೂರ್ತಿ ಅರಗಿಸಿಕೊಳ್ಳೋಕೆ ಆಗಲ್ಲ. ಹಾಗಾಗಿ ಅದು ಅಲ್ಲೇ ಸಿಕ್ಕಿಕೊಂಡು ಹೊಳೆಯುತ್ತೆ, ಮೆಷಿನ್ ಅದನ್ನು ಹಿಡಿಯುತ್ತೆ. ಮನುಷ್ಯರಿಗೆ ಎಫ್‌ಡಿಜಿ ಮೊದಲ ಸಲ ಕೊಟ್ಟಿದ್ದು 1976ರಲ್ಲಿ, ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ. ಹೊಳೆಯುವ ಜಾಗ ದೇಹದಲ್ಲಿ ನಿಖರವಾಗಿ ಎಲ್ಲಿದೆ ಎಂದು ತಿಳಿಯಲು ಪೆಟ್ ಮತ್ತು ಸಿಟಿಯನ್ನು ಒಂದೇ ಮೆಷಿನ್‌ನಲ್ಲಿ ಕೂಡಿಸಿದ್ದು ಇನ್ನೂ ಈಚೆಗೆ, 1990ರ ದಶಕದ ಕೊನೆಯಲ್ಲಿ.

ಇಲ್ಲೊಂದು ಮಾತು ಸ್ಪಷ್ಟ ಮಾಡಬೇಕು. 'ಕ್ಯಾನ್ಸರ್ ಸಕ್ಕರೆ ತಿನ್ನುತ್ತೆ, ಸಕ್ಕರೆ ಬಿಟ್ಟರೆ ಕ್ಯಾನ್ಸರ್ ಸಾಯುತ್ತೆ' ಅನ್ನೋ ವಾಟ್ಸಾಪ್ ಮೆಸೇಜು ಹುಟ್ಟೋದು ಇದೇ ವಿಜ್ಞಾನದ ಅರ್ಧ ತುಂಡಿನಿಂದ. ಸಕ್ಕರೆ, ಅನ್ನ ಎಲ್ಲ ಬಿಟ್ಟರೂ ದೇಹ ತಾನೇ ಗ್ಲೂಕೋಸ್ ತಯಾರಿಸಿಕೊಳ್ಳುತ್ತೆ. ಊಟ ಬಿಟ್ಟು ಸೊರಗಿದ ರೋಗಿಗೆ ಕಿಮೋ ತಡೆದುಕೊಳ್ಳೋದು ಇನ್ನೂ ಕಷ್ಟ.

ಚಿಕಿತ್ಸೆಯ ದಾರಿ ಬದಲಾಗೋದು ಎಲ್ಲಿ?

ಶ್ವಾಸಕೋಶದ ಕ್ಯಾನ್ಸರ್ ಒಂದು ಉದಾಹರಣೆ. ಎದೆ ತೆರೆದು ಆಪರೇಷನ್ ಮಾಡಿದ ಮೇಲೆ ಕ್ಯಾನ್ಸರ್ ಬೇರೆ ಕಡೆ ಮೊದಲೇ ಹರಡಿತ್ತು ಅಂತ ತಿಳಿದರೆ ರೋಗಿಗೆ ಸಿಕ್ಕಿದ್ದು ನೋವು ಮಾತ್ರ. ನೆದರ್ಲೆಂಡ್ಸ್‌ನಲ್ಲಿ 188 ರೋಗಿಗಳ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮಾಮೂಲಿ ಪರೀಕ್ಷೆಗಳನ್ನಷ್ಟೇ ಮಾಡಿದ ಗುಂಪಿನಲ್ಲಿ ಶೇ 41 ರೋಗಿಗಳಿಗೆ ಇಂಥ ಪ್ರಯೋಜನವಿಲ್ಲದ ಆಪರೇಷನ್ ಆಗಿತ್ತು. ಪೆಟ್ ಸೇರಿಸಿದ ಗುಂಪಿನಲ್ಲಿ ಅದು ಶೇ 21ಕ್ಕೆ ಇಳಿಯಿತು. ಅಂದರೆ ಐವರಲ್ಲಿ ಒಬ್ಬರಿಗೆ ಬೇಡದ ಕತ್ತರಿ ತಪ್ಪಿತು.

ಗಂಟಲು, ಕುತ್ತಿಗೆ ಭಾಗದ ಕ್ಯಾನ್ಸರ್‌ನ ಕಥೆ ತಂಬಾಕು, ಗುಟ್ಕಾ ನಡೆಯುವ ನಮ್ಮ ಕಡೆಗೆ ಇನ್ನೂ ಹತ್ತಿರದ್ದು. ಕುತ್ತಿಗೆಯ ಗ್ರಂಥಿಗಳಿಗೆ ರೋಗ ಹೆಚ್ಚಾಗಿ ಹರಡಿದ್ದರೆ ರೇಡಿಯೇಷನ್ ಮತ್ತು ಕಿಮೋ ಮುಗಿದ ಮೇಲೂ 'ಯಾವುದಕ್ಕೂ ಇರಲಿ' ಅಂತ ಕುತ್ತಿಗೆ ಕೊಯ್ದು ಗ್ರಂಥಿ ತೆಗೆಯುವುದು ಮೊದಲು ರೂಢಿಯಲ್ಲಿತ್ತು. ಭುಜ ಎತ್ತೋಕೆ ಕಷ್ಟ, ಕುತ್ತಿಗೆ ಬಿಗಿತ, ಇವೆಲ್ಲ ಅದರ ಹಿಂದೆ ಬರುತ್ತಿದ್ದವು. ಬ್ರಿಟನ್‌ನಲ್ಲಿ 564 ರೋಗಿಗಳನ್ನು ಎರಡು ಗುಂಪು ಮಾಡಿ ನೋಡಿದರು. ಒಂದು ಗುಂಪಿಗೆ ಮೊದಲೇ ಗೊತ್ತು ಮಾಡಿದ ಆಪರೇಷನ್, ಇನ್ನೊಂದಕ್ಕೆ ಚಿಕಿತ್ಸೆ ಮುಗಿದು 12 ವಾರದ ನಂತರ ಪೆಟ್-ಸಿಟಿ, ಅದರಲ್ಲಿ ಅನುಮಾನ ಬಂದರೆ ಮಾತ್ರ ಆಪರೇಷನ್. 2016ರಲ್ಲಿ ಬಂದ ಫಲಿತಾಂಶದ ಪ್ರಕಾರ ಮೊದಲ ಗುಂಪಿನಲ್ಲಿ 221 ಆಪರೇಷನ್ ಆದರೆ ಎರಡನೆಯದರಲ್ಲಿ ಬರೀ 54. ಬದುಕುಳಿದವರ ಪ್ರಮಾಣದಲ್ಲಿ ಸ್ಕ್ಯಾನ್ ಗುಂಪು ಹಿಂದೆ ಬೀಳಲಿಲ್ಲ.

ಆ 12 ವಾರ ಸುಮ್ಮನೆ ಇಟ್ಟಿದ್ದಲ್ಲ. ರೇಡಿಯೇಷನ್ ಆದ ಜಾಗ ಕೆಲವು ವಾರ ಉರಿಯೂತದಿಂದ ಬಿಸಿಯಾಗಿರುತ್ತೆ, ಉರಿಯೂತವೂ ಸಕ್ಕರೆ ಎಳೆಯುತ್ತೆ. ಅವಸರಪಟ್ಟು ಮೊದಲೇ ಮಾಡಿಸಿದರೆ ಇಲ್ಲದ ಕ್ಯಾನ್ಸರ್ ಇದ್ದ ಹಾಗೆ ಕಾಣಬಹುದು. 'ಮೂರು ತಿಂಗಳು ಕಾಯಿರಿ' ಅಂತ ಡಾಕ್ಟರು ಹೇಳಿದರೆ ಅದು ಉದಾಸೀನ ಅಲ್ಲ.

ಹಾಡ್ಜ್‌ಕಿನ್ ಲಿಂಫೋಮಾದಲ್ಲಿ ಸ್ಕ್ಯಾನ್ ಚಿಕಿತ್ಸೆಯ ನಡುವೆಯೇ ಬರುತ್ತೆ. ಎರಡು ಸೈಕಲ್ ಕಿಮೋ ಆದ ಮೇಲೆ ಪೆಟ್ ಮಾಡಿ 1ರಿಂದ 5ರವರೆಗೆ ಅಂಕ ಕೊಡುತ್ತಾರೆ. ಇದಕ್ಕೆ ಡೋವಿಲ್ ಸ್ಕೋರ್ ಎಂದು ಹೆಸರು, ರಿಪೋರ್ಟಿನಲ್ಲಿ ಹಾಗೇ ಬರೆದಿರುತ್ತೆ. 1ರಿಂದ 3 ಬಂದರೆ ಚಿಕಿತ್ಸೆ ಚೆನ್ನಾಗಿ ಹಿಡಿದಿದೆ ಎಂದರ್ಥ. ಹೀಗೆ ಚೆನ್ನಾಗಿ ಹಿಡಿದವರಿಗೆ ಶ್ವಾಸಕೋಶಕ್ಕೆ ಪೆಟ್ಟು ಕೊಡಬಲ್ಲ ಬ್ಲಿಯೋಮೈಸಿನ್ ಔಷಧಿಯನ್ನು ಮುಂದಿನ ಸೈಕಲ್‌ಗಳಲ್ಲಿ ಕೈಬಿಡಬಹುದು ಎಂದು 2016ರ ಇನ್ನೊಂದು ದೊಡ್ಡ ಅಧ್ಯಯನ ತೋರಿಸಿತು. ಅಂಕ ಕೆಟ್ಟದಾಗಿ ಬಂದವರಿಗೆ ಚಿಕಿತ್ಸೆ ಬಿಗಿ ಮಾಡುತ್ತಾರೆ.

ಪ್ರಾಸ್ಟೇಟ್‌ಗೆ ಬೇರೆ ಬೀಗದ ಕೈ

ಎಲ್ಲ ಕ್ಯಾನ್ಸರ್ ಸಕ್ಕರೆಗೆ ಬಾಯಿ ಬಿಡಲ್ಲ. ಗಂಡಸರ ಪ್ರಾಸ್ಟೇಟ್ ಕ್ಯಾನ್ಸರ್ ಹಾಗೆ. ಅದರ ಕೋಶಗಳ ಮೇಲೆ ಪಿಎಸ್‌ಎಂಎ ಎಂಬ ಪ್ರೋಟೀನ್ ಹೆಚ್ಚಾಗಿರುತ್ತೆ, ಅದಕ್ಕೆ ಹೋಗಿ ಅಂಟುವ ಔಷಧಿಯನ್ನೇ ಇಲ್ಲಿ ಕೊಡುತ್ತಾರೆ. ಆಸ್ಟ್ರೇಲಿಯಾದಲ್ಲಿ ಅಪಾಯ ಹೆಚ್ಚಿರುವ 302 ರೋಗಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಈ ಸ್ಕ್ಯಾನಿನ ನಿಖರತೆ ಶೇ 92 ಇತ್ತು. ಹಳೆಯ ಪದ್ಧತಿಯ ಸಿಟಿ ಮತ್ತು ಬೋನ್ ಸ್ಕ್ಯಾನ್ ಎರಡೂ ಸೇರಿ ಶೇ 65.

ಇದರ ಮುಂದಿನ ಹೆಜ್ಜೆ ಇನ್ನೂ ಕುತೂಹಲದ್ದು. ಅದೇ ಬೀಗಕ್ಕೆ ಹೊಂದುವ ಕೈಗೆ ಗಡ್ಡೆಯನ್ನು ಸುಡಬಲ್ಲ ಲುಟೇಶಿಯಂ-177 ಕಟ್ಟಿ ಕಳಿಸಿದರೆ ಸ್ಕ್ಯಾನಿನಲ್ಲಿ ಹೊಳೆದ ಜಾಗಕ್ಕೇ ಹೋಗಿ ಕೆಲಸ ಮಾಡುತ್ತೆ. ಬೇರೆ ಔಷಧಿಗಳು ಕೈಕೊಟ್ಟ, ರೋಗ ಹರಡಿದ 831 ಜನರ ಮೇಲೆ ನಡೆದ ಅಧ್ಯಯನದಲ್ಲಿ ಆಯುಸ್ಸಿನ ಸರಾಸರಿ ಮಧ್ಯಬಿಂದು 11.3 ತಿಂಗಳಿಂದ 15.3 ತಿಂಗಳಿಗೆ ಏರಿತು. ಗುಣ ಆಗುತ್ತೆ ಅಂತ ಇದರ ಅರ್ಥ ಅಲ್ಲ, ನಾಲ್ಕು ತಿಂಗಳು ಹೆಚ್ಚು. ಯಾರಿಗೆ ಕೊಡಬಹುದು ಅನ್ನೋದನ್ನು ಮೊದಲು ಪಿಎಸ್‌ಎಂಎ ಸ್ಕ್ಯಾನೇ ಹೇಳಬೇಕು.

ಹೊಳೆಯೋದೆಲ್ಲ ಕ್ಯಾನ್ಸರ್ ಅಲ್ಲ

ಮಿದುಳು ಯಾವಾಗಲೂ ಸಕ್ಕರೆ ತಿನ್ನುತ್ತೆ, ಅದು ಹೊಳೆಯಲೇಬೇಕು. ಔಷಧಿ ಮೂತ್ರದಲ್ಲಿ ಹೊರಗೆ ಹೋಗುವುದರಿಂದ ಕಿಡ್ನಿ, ಮೂತ್ರಕೋಶವೂ ಹೊಳೆಯುತ್ತವೆ. ಚಿತ್ರ ನೋಡಿ ಮನೆಯವರು ಗಾಬರಿಪಡೋದು ಹೆಚ್ಚಾಗಿ ಇಲ್ಲೇ. ನಮ್ಮ ದೇಶದಲ್ಲಿ ಮುಖ್ಯವಾದ ಇನ್ನೊಂದು ಮೋಸಗಾರ ಟಿಬಿ. ಟಿಬಿ ತಗುಲಿದ ಗ್ರಂಥಿ ಪೆಟ್‌ನಲ್ಲಿ ಥೇಟ್ ಕ್ಯಾನ್ಸರ್ ಹಾಗೇ ಕಾಣಬಹುದು. ಅದಕ್ಕೇ ಸ್ಕ್ಯಾನ್ ಬಂದ ಮೇಲೂ ಡಾಕ್ಟರು ಇನ್ನೊಂದು ಸೂಜಿ ಪರೀಕ್ಷೆ ಕೇಳಬಹುದು. ಹಿಂದೆ ಟಿಬಿ ಆಗಿದ್ದರೆ ಮುಚ್ಚಿಡದೆ ಹೇಳಬೇಕು. ತದ್ವಿರುದ್ಧವೂ ಉಂಟು: ಕೆಲವೇ ಮಿಲಿಮೀಟರ್‌ನಷ್ಟು ಸಣ್ಣ ಗಡ್ಡೆ ಪೆಟ್ ಕಣ್ಣಿಗೆ ಬೀಳದೆ ಹೋಗಬಹುದು.

ಹಾಗಾಗಿ 'ಒಂದು ಸಲ ಫುಲ್ ಬಾಡಿ ಪೆಟ್ ಮಾಡಿಸಿಬಿಡೋಣ' ಅನ್ನೋದು ಒಳ್ಳೆ ಲೆಕ್ಕಾಚಾರ ಅಲ್ಲ. ಹರಡುವ ಅಪಾಯ ಕಡಿಮೆ ಇರುವ ಆರಂಭದ ಹಂತದ ಸ್ತನ ಕ್ಯಾನ್ಸರ್‌ಗೆ ಬೇರೆ ಲಕ್ಷಣ ಇಲ್ಲದಿದ್ದರೆ ಪೆಟ್ ಬೇಡ ಎಂದು ಅಮೆರಿಕದ ಕ್ಯಾನ್ಸರ್ ತಜ್ಞರ ಸಂಘವೇ 2012ರಲ್ಲಿ ಹೇಳಿದೆ. ಡಾಕ್ಟರ ಹತ್ತಿರ ಕೇಳಬೇಕಾದ್ದು ಒಂದೇ ಪ್ರಶ್ನೆ: 'ಸರ್, ಇದರ ರಿಪೋರ್ಟ್ ಹೀಗೆ ಬಂದರೆ ಏನು ಮಾಡ್ತೀರಿ, ಹಾಗೆ ಬಂದರೆ ಏನು ಮಾಡ್ತೀರಿ?' ಎರಡಕ್ಕೂ ಉತ್ತರ ಒಂದೇ ಆದರೆ ಸ್ಕ್ಯಾನಿನ ಅಗತ್ಯದ ಬಗ್ಗೆ ಇನ್ನೊಮ್ಮೆ ಕೇಳಬಹುದು.

ಹೊರಡುವ ದಿನ

ಕೊಟ್ಟ ಟೈಮಿಗೇ ಹೋಗಬೇಕು. ಎಫ್‌ಡಿಜಿ ಅಂಗಡಿಯಲ್ಲಿ ಸ್ಟಾಕ್ ಇಡುವ ಔಷಧಿಯಲ್ಲ. ಅದರ ವಿಕಿರಣ ಶಕ್ತಿ ಪ್ರತಿ 110 ನಿಮಿಷಕ್ಕೆ ಅರ್ಧಕ್ಕಿಳಿಯುತ್ತೆ, ಮೂರು ಮುಕ್ಕಾಲು ಗಂಟೆ ಹೊತ್ತಿಗೆ ಕಾಲು ಭಾಗ. ಸೈಕ್ಲೋಟ್ರಾನ್ ಎಂಬ ದೊಡ್ಡ ಯಂತ್ರದಲ್ಲಿ ಅಂದೇ ತಯಾರಿಸಿ ಸೀಸದ ಡಬ್ಬಿಯಲ್ಲಿ ತರುತ್ತಾರೆ. ತಾಲ್ಲೂಕು ಆಸ್ಪತ್ರೆಯಲ್ಲಿ ಇದು ಯಾಕಿಲ್ಲ ಅನ್ನೋದಕ್ಕೂ ಇದೊಂದು ಕಾರಣ. ಒಂದೊಂದು ದಿನ ತಯಾರಿಕೆಯೇ ತಪ್ಪಿ ಸ್ಕ್ಯಾನ್ ಮುಂದಕ್ಕೆ ಹೋಗುವುದೂ ಉಂಟು, ಹೊರಡೋ ಮೊದಲು ಫೋನ್ ಮಾಡಿ ಖಾತ್ರಿ ಮಾಡಿಕೊಳ್ಳೋದು ಒಳ್ಳೇದು.

ಸಾಮಾನ್ಯವಾಗಿ ನಾಲ್ಕರಿಂದ ಆರು ಗಂಟೆ ಹೊಟ್ಟೆ ಖಾಲಿ ಇರಬೇಕು, ಬರೀ ನೀರು ಕುಡಿಯಬಹುದು. ದಾರಿಯಲ್ಲಿ ಕಾಫಿ ಕುಡಿದರೆ ಆ ದಿನದ ಪ್ರಯಾಣ ವ್ಯರ್ಥ. ಶುಗರ್ ಇರುವವರು ಮೊದಲೇ ಹೇಳಬೇಕು. ರಕ್ತದಲ್ಲಿ ಸಕ್ಕರೆ 200 ದಾಟಿದ್ದರೆ ಹೆಚ್ಚಿನ ಕಡೆ ಸ್ಕ್ಯಾನ್ ಮಾಡದೆ ವಾಪಸ್ ಕಳಿಸುತ್ತಾರೆ. ಮೆಟ್‌ಫಾರ್ಮಿನ್ ಮಾತ್ರೆ, ಇನ್ಸುಲಿನ್ ಯಾವಾಗ ನಿಲ್ಲಿಸಬೇಕು ಅನ್ನೋದನ್ನು ಡಾಕ್ಟರೇ ಹೇಳಬೇಕು, ತಾವಾಗಿ ನಿಲ್ಲಿಸಬಾರದು.

ಹಿಂದಿನ ದಿನ ಮೂಟೆ ಹೊರೋದು, ಗದ್ದೆ ಕೆಲಸ ಬೇಡ. ದುಡಿದ ಸ್ನಾಯು ಸಕ್ಕರೆ ಎಳೆದು ಹೊಳೆಯುತ್ತೆ. ಇಂಜೆಕ್ಷನ್ ಆದ ಮೇಲೆ ಸುಮಾರು ಒಂದು ಗಂಟೆ ಸುಮ್ಮನೆ ಕೂರಿಸುವುದೂ ಇದಕ್ಕೇ. ಮಾತು ಕೂಡ ಕಡಿಮೆ ಇರಲಿ, ಎಲೆಅಡಿಕೆ ಅಂತೂ ಬೇಡವೇ ಬೇಡ. ಜಗಿದರೆ ದವಡೆ ಸ್ನಾಯು ಹೊಳೆದು ಬಾಯಿ ಕ್ಯಾನ್ಸರ್ ರೋಗಿಯ ರಿಪೋರ್ಟೇ ಗೊಂದಲವಾಗಬಹುದು. ಗರ್ಭಿಣಿ ಅನ್ನೋ ಅನುಮಾನ ಇದ್ದರೂ ಮೊದಲೇ ತಿಳಿಸಬೇಕು. ಸ್ಕ್ಯಾನ್ ಮುಗಿದ ಮೇಲೆ ಕೆಲವು ಗಂಟೆ ಗರ್ಭಿಣಿಯರು, ಹಸುಗೂಸುಗಳಿಂದ ದೂರ ಇರಬೇಕು. ಹಾಗಾಗಿ ಮೊಮ್ಮಕ್ಕಳನ್ನು ಜೊತೆಗೆ ಕರೆದೊಯ್ಯುವುದು ಬೇಡ.

ಬಿಪಿಎಲ್ ಕಾರ್ಡ್ ಇರುವವರು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ತಮ್ಮ ಸ್ಕ್ಯಾನಿಗೆ ಏನು ಸಿಗುತ್ತೆ ಅನ್ನೋದನ್ನು ಆಸ್ಪತ್ರೆಯ ಆರೋಗ್ಯಮಿತ್ರರ ಹತ್ತಿರ ದಿನ ಗೊತ್ತು ಮಾಡುವ ಮುಂಚೆಯೇ ಕೇಳಬೇಕು, ದುಡ್ಡು ಕಟ್ಟಿದ ಮೇಲೆ ಅಲ್ಲ.

ರಿಪೋರ್ಟಿನಲ್ಲಿ ಎಸ್‌ಯುವಿ ಎಂಬ ಸಂಖ್ಯೆ ಇರುತ್ತೆ. ಗಡ್ಡೆ ಎಷ್ಟು ಔಷಧಿ ಎಳೆದಿದೆ ಎಂಬುದರ ಅಳತೆ ಅದು. ಮೆಷಿನ್ನು, ಕಾದ ಸಮಯ, ರಕ್ತದ ಸಕ್ಕರೆ ಇವುಗಳ ಮೇಲೆ ಅದು ಏರಿಳಿಯುತ್ತೆ. ಪಕ್ಕದ ಬೆಡ್‌ನವರ ಸಂಖ್ಯೆಗೆ ಹೋಲಿಸೋದರಲ್ಲಿ ಅರ್ಥವಿಲ್ಲ. ಎರಡನೇ ಸ್ಕ್ಯಾನನ್ನು ಆದಷ್ಟೂ ಮೊದಲಿನ ಸೆಂಟರ್‌ನಲ್ಲೇ ಮಾಡಿಸಬೇಕು, ಹಳೆಯ ರಿಪೋರ್ಟಿನ ಜೊತೆ ಸಿಡಿಯನ್ನೂ ತೆಗೆದುಕೊಂಡು ಹೋಗಬೇಕು.